ಒಂದೇ ತಕ್ಕಡಿ

ಮೊನ್ನೆ ಕನಕಪುರದ ನಮ್ಮ ಮನೆಯ ಜಗಲಿಯಲ್ಲಿ ಮಾಗಡಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದೆ. ಕಿರಿಯ ಮಗಳು ನೋಟುಪುಸ್ತಕ ತಂದಳು. ರಾಮನಗರ, ಚನ್ನಪಟ್ಟಣ ಎರಡನ್ನೂ ಹೋಲಿಸಿ ಒಂದು ಪ್ಯಾರಾ ಬರೀಬೇಕಂತೆ. ಬರೆದಿದ್ದಳು: ‘ರಾಮನಗರದಲ್ಲಿ ರೇಷ್ಮೆಗೂಡು ಮಾರುತ್ತಾರೆ. ಚನ್ನಪಟ್ಟಣ ಚೆನ್ನಾಗಿದೆ.’ ಒಂದರ ಕಸುಬು, ಇನ್ನೊಂದರ ಚೆಂದ! ಇದು ಹೋಲಿಕೆಯೇ, ನೀವೇ ಹೇಳಿ.

“ಎರಡಕ್ಕೂ ಒಂದೇ ಪ್ರಶ್ನೆ ಕೇಳೇ” ಎಂದೆ. ಮೊದಲು, ಹೋಲುವುದು ಏನು? ಎರಡೂ ಬೆಂಗಳೂರು–ಮೈಸೂರು ದಾರಿಯ ಊರುಗಳು. ಎರಡಕ್ಕೂ ಕಸುಬಿನಿಂದಲೇ ಹೆಸರು. ‘ಆದರೆ’ ಎಂದು ಹೇಳಿ ವ್ಯತ್ಯಾಸಕ್ಕೆ ಬಾ. ಸರಕು ಯಾವುದು, ಅದನ್ನು ಏನು ಮಾಡುತ್ತಾರೆ? ರಾಮನಗರದಲ್ಲಿ ರೈತರು ತಂದ ಗೂಡು ಹರಾಜಾಗಿ, ನೂಲಾಗುತ್ತದೆ. ಚನ್ನಪಟ್ಟಣದಲ್ಲಾದರೋ ಆಲೆಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ, ಬೊಂಬೆ ಮಾಡುತ್ತಾರೆ. ಕೊನೆಗೆ, ಇದರಿಂದ ತಿಳಿದದ್ದೇನು ಅಂತ ಒಂದು ವಾಕ್ಯ.

“ಯಾವೂರು ಹೆಚ್ಚು ಅಂತ ಬರೀಲಮ್ಮಾ?”

“ಹೆಚ್ಚು ಕಡಿಮೆ ಯಾಕೆ? ಒಂದೊಂದರದೂ ಒಂದೊಂದು ಸೊಗಸು ಅನ್ನು.”

ಮಗು ಬರೆಯೋದು ನಿಲ್ಲಿಸಿತು. “ಮತ್ತೆ ನೀನು ಅಕ್ಕನ ಮಾರ್ಕ್ಸ್ ಹೇಳಿ, ನನ್ನ ಹಟ ಹೇಳ್ತೀಯಲ್ಲ?”

ನನ್ನ ಕೈಯ ಕಾಯಿ ಕೈಯಲ್ಲೇ ಉಳಿಯಿತು. ಮದುವೆಯಾದ ಹೊಸತರಲ್ಲಿ ಅತ್ತೆಯವರು ಹೀಗೇ ವಾರಗಿತ್ತಿಯ ತವರಿನ ಒಡವೆ ಹೇಳಿ, ನನ್ನ ಸಾರಿನ ಉಪ್ಪು ಹೇಳುತ್ತಿದ್ದರು. ಎಷ್ಟು ರಾತ್ರಿ ಅತ್ತಿದ್ದೆ! ಅದನ್ನೇ ನಾನು ಮಗಳಿಗೆ ಬಡಿಸುತ್ತಿದ್ದೆನಲ್ಲ.

“ತಪ್ಪಾಯ್ತು ಕಂದ” ಎಂದೆ. ಹತ್ತಿರ ಬಂದು ಕೂತು ಅವಳೂ ಕಾಯಿ ಬಿಡಿಸಿದಳು.

ನಿಮ್ಮ ಮನೆಯ ತಕ್ಕಡಿಯನ್ನೂ ಒಮ್ಮೆ ನೋಡಿಕೊಳ್ಳಿ.