ಒಂಬತ್ತು ವಾರದೊಳಗೆ

ಡಿಸೆಂಬರ್ ಕೊನೆಯ ವಾರ. ಗೋಣಿಬೀಡು ಸುತ್ತಿನ ಕಾಫಿ ತೋಟಗಳಲ್ಲಿ ಅರೇಬಿಕಾ ಕೊಯ್ಲು ಬಿರುಸಾಗಿದೆ. ಲೈನ್ ಮನೆಯ ಹೆಂಗಸರು ಸೊಂಟಕ್ಕೆ ಚೀಲ ಕಟ್ಟಿ ಗಿಡದ ಸಾಲಿಗೆ ಇಳಿದಾಗಿದೆ. ಒಬ್ಬಳು ಮಾತ್ರ ಬಸ್ಸಿಗೆ ಕಾಯುತ್ತಿದ್ದಾಳೆ, ಪಕ್ಕದಲ್ಲಿ ಆಶಾ ಕಾರ್ಯಕರ್ತೆ. ನೀವೂ ಜೊತೆಗೆ ಬನ್ನಿ. ಇಂಥವಳು ಯಾವ ತೋಟದಲ್ಲಾದರೂ ಇದ್ದಾಳು. ಹೆಸರು ಮಾತ್ರ ಕೇಳಬೇಡಿ. ಗರ್ಭಪಾತ ಮಾಡಿಸಿಕೊಂಡವಳ ಹೆಸರನ್ನು ಹೊರಗೆ ಬಿಡಕೂಡದೆಂದು ವೈದ್ಯಕೀಯ ಗರ್ಭಪಾತ ಕಾಯ್ದೆಯೇ ಹೇಳುತ್ತದೆ.

"ಹೊರಗಾಗಿದ್ದು ಯಾವಾಗ?"

"ದೀಪಾವಳಿ ಕಳೆದ ಮೇಲೆ, ಅಕ್ಕ. ಆಮೇಲೆ ಇಲ್ಲ."

ಆಶಾ ಬೆರಳು ಮಡಚಿ ಎಣಿಸುತ್ತಾಳೆ: ಎಂಟನೇ ವಾರ. ಚಿಕ್ಕ ಮಗುವಿಗೆ ಇನ್ನೂ ಒಂದೂವರೆ ವರ್ಷ. ನುಂಗುತ್ತಿದ್ದ ಗರ್ಭನಿರೋಧಕ ಮಾತ್ರೆ ಕೈಕೊಟ್ಟಿದೆ. ಅತ್ತೆ ಹೇಳಿದ ಕಷಾಯ ಕುಡಿದು ಎರಡು ವಾರ ಕಳೆದಿದ್ದಾಳೆ. ಒಂಬತ್ತು ವಾರದೊಳಗಾದರೆ ಮಾತ್ರೆಯಲ್ಲೇ ಮುಗಿಯುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಬಸ್ಸು ಬಂತು. ಪೇಟೆಯ ಆಸ್ಪತ್ರೆಯ ಗೋಡೆಯ ಮೇಲೆ ದಪ್ಪಕ್ಷರ: ಹೆಣ್ಣು ಭ್ರೂಣಹತ್ಯೆ ಶಿಕ್ಷಾರ್ಹ ಅಪರಾಧ. ಅವಳ ಹೆಜ್ಜೆ ನಿಲ್ಲುತ್ತದೆ.

"ನಮ್ಮನ್ನ ಹಿಡೀತಾರಾ ಅಕ್ಕ?"

"ಅದು ಗಂಡೋ ಹೆಣ್ಣೋ ಅಂತ ನೋಡಿಸೋರಿಗೆ ಕಣೇ. ನೀನು ಬಾ."

ಲಿಂಗಪತ್ತೆಯನ್ನು ತಡೆಯುವುದು 1994ರ ಕಾಯ್ದೆ. ಇವಳು ಬಂದಿರುವುದು 1971ರ ಗರ್ಭಪಾತ ಕಾಯ್ದೆಯ ಬಾಗಿಲಿಗೆ. ಗೋಡೆಯ ಮೇಲೆ ಮೊದಲನೆಯದು ಎದ್ದು ಕಾಣುತ್ತದೆ, ಎರಡನೆಯದಕ್ಕೆ ಒಂದು ಸಾಲೂ ಇಲ್ಲ.

ಕೌಂಟರಿನಲ್ಲಿ ಸಿಸ್ಟರ್ ತಲೆಯೆತ್ತದೆ ಕೇಳುತ್ತಾರೆ, "ಗಂಡ ಎಲ್ಲಿ? ಸಹಿ ಬೇಕಲ್ಲ."

"ಹದಿನೆಂಟು ತುಂಬಿದೆ ಮೇಡಂ. ಅವಳ ಸಹಿ ಸಾಕು."

ಆಶಾ ದನಿಯೇರಿಸಿಲ್ಲ, ಆದರೆ ಕೌಂಟರ್ ಬಿಟ್ಟು ಸರಿದಿಲ್ಲ. ಅವಳು ಹೇಳಿದ್ದೇ ಕಾನೂನು. ಅದೇ ಕಾಯ್ದೆಯ 2021ರ ತಿದ್ದುಪಡಿ, ಗರ್ಭನಿರೋಧಕ ಕೈಕೊಟ್ಟವರ ಬಗ್ಗೆ ಹೇಳುವಾಗ, 'ಮದುವೆಯಾದ ಮಹಿಳೆ, ಅವಳ ಗಂಡ' ಎಂಬಲ್ಲಿ 'ಯಾವುದೇ ಮಹಿಳೆ, ಅವಳ ಸಂಗಾತಿ' ಎಂದು ಬರೆಯಿತು. 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು ಎಂದಿತು. ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತೆಯರು, ಬಸುರಿಯಾಗಿದ್ದಾಗಲೇ ಗಂಡನನ್ನು ಕಳೆದುಕೊಂಡವರು ಮೊದಲಾದವರಿಗೆ ಇಬ್ಬರು ವೈದ್ಯರು ಒಪ್ಪಿದರೆ 24 ವಾರ. ಮರುವರ್ಷ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಈ 24 ವಾರದ ಅವಕಾಶದಿಂದ ಅವಿವಾಹಿತೆಯರನ್ನು ಹೊರಗಿಡುವಂತಿಲ್ಲ ಎಂದಿತು. ಆ ಪೀಠದಲ್ಲಿ ಕರ್ನಾಟಕದವರೇ ಆದ ನ್ಯಾಯಮೂರ್ತಿ ಎ.ಎಸ್. ಬೋಪಣ್ಣ ಇದ್ದರು. ಕಾಗದದ ಮೇಲೆ ಇಷ್ಟೆಲ್ಲ ಇದ್ದರೂ, ಕೌಂಟರಿನಲ್ಲಿ 'ಗಂಡ ಎಲ್ಲಿ' ಎಂಬ ಒಂದು ಪ್ರಶ್ನೆಗೆ ಹೆದರಿ ವಾಪಸಾದರೆ ಒಂದು ವಾರ ಹೋಯಿತು.

ಕಾಯಿಸುವುದರ ಬೆಲೆ ಬೆಳಗಾವಿಯ ಒಂದು ಕುಟುಂಬಕ್ಕೆ ಗೊತ್ತು. ದಂತವೈದ್ಯೆ ಸವಿತಾ ಹಾಲಪ್ಪನವರ್ 17 ವಾರದ ಬಸುರಿ. ಗರ್ಭ ಉಳಿಯುವುದಿಲ್ಲವೆಂದು ಗೊತ್ತಾದ ಮೇಲೂ, ಭ್ರೂಣದ ಹೃದಯ ಬಡಿಯುತ್ತಿದೆಯೆಂದು ಐರ್ಲೆಂಡಿನ ಗಾಲ್ವೇಯಲ್ಲಿ ಅವರನ್ನು ಕಾಯಿಸಿದರು. ನಂಜೇರಿ 2012ರ ಅಕ್ಟೋಬರ್ 28ರಂದು ತೀರಿಕೊಂಡರು, 31ನೇ ವಯಸ್ಸಿಗೆ. 2018ರಲ್ಲಿ ಆ ದೇಶದ ಜನ ಮತ ಹಾಕಿ ನಿಷೇಧವನ್ನು ಕಿತ್ತುಹಾಕಿದರು. ಅಲ್ಲಿ ಅಡ್ಡಬಂದದ್ದು ಕಾನೂನು. ಇಲ್ಲಿ ಕಾನೂನು ದಾರಿ ಬಿಟ್ಟಿದೆ, ಅಡ್ಡ ನಿಂತವರು ನಾವು.

ಒಳಗೆ ವೈದ್ಯೆ ಪರೀಕ್ಷಿಸಿ, ರಕ್ತ ನೋಡಿಸಿ, ಅವಳೊಬ್ಬಳದೇ ಸಹಿ ಹಾಕಿಸಿಕೊಂಡು ಮೊದಲ ಮಾತ್ರೆ ಕೊಡುತ್ತಾರೆ. ಉಳಿದದ್ದಕ್ಕೆ ಮೂರನೇ ದಿನ ಬರಬೇಕು, ಪೂರ್ತಿ ಆಗಿದೆಯೇ ಎಂದು ತೋರಿಸಲು ಹದಿನೈದನೇ ದಿನ. ಕೊಯ್ಲಿನಲ್ಲಿ ಕೂಲಿ ಕೆ.ಜಿ. ಲೆಕ್ಕ, ಮೂರು ಸಲ ಬಂದರೆ ಮೂರು ದಿನದ ಹಣ್ಣು ಬೇರೆಯವರ ಚೀಲಕ್ಕೆ. ಸರ್ಕಾರಿ ಆಸ್ಪತ್ರೆಗೆ ಇದಕ್ಕೆ ಬೇರೆ ಅನುಮತಿ ಬೇಕೆಂದು ಕಾಯ್ದೆ ಹೇಳುವುದಿಲ್ಲ. ಊರಿನ ಆರೋಗ್ಯ ಕೇಂದ್ರದಲ್ಲೇ ತರಬೇತಿಯಾದ ವೈದ್ಯರು, ಮಾತ್ರೆ, ರಕ್ತ ಹೆಚ್ಚು ಹೋದರೆ ಸಾಗಿಸಲು ಗಾಡಿ ಇದ್ದರೆ ಈ ಬಸ್ಸು ಹತ್ತುವ ಪಾಡಿಲ್ಲ. ಕೇಳಬೇಕಾದದ್ದು ಇದನ್ನೇ.

ಹೊರಗೆ ಬಂದವಳಿಗೆ ಇನ್ನೊಂದೇ ಚಿಂತೆ. "ಮೊನ್ನೆ ಜ್ವರ ಅಂದಿದ್ದೆ. ಇನ್ನು ತೋಟದ ರೈಟರಿಗೆ ಏನು ಹೇಳ್ಲಿ?"

"ಆಸ್ಪತ್ರೆಗೆ ಹೋಗ್ಬೇಕು ಅನ್ನು. ಯಾಕೆ ಅಂತ ಕೇಳೋ ಹಕ್ಕು ಅವರಿಗಿಲ್ಲ."