ಕುಡುಮಲಕುಂಟೆಯ ಹಂಡೆ ನೀರು

ಯಲಹಂಕ ದಾಟಿ ರಾಜಾನುಕುಂಟೆ ಬಂದರೂ ಬೆಂಗಳೂರು ಬೆನ್ನು ಬಿಡುವುದಿಲ್ಲ. ದೊಡ್ಡಬಳ್ಳಾಪುರ ಕಳೆದು ಮಾಕಳಿದುರ್ಗದ ಬೆಟ್ಟ ರೈಲಿನ ಕಿಟಕಿಗೆ ಬಂದಮೇಲೆ ಗಾಳಿ ಬದಲಾಗುತ್ತದೆ. ಆಮೇಲೆ ಬಂಡೆ, ತೆನೆ ಬಿಟ್ಟ ರಾಗಿ ಹೊಲ, ಮುಸುಕಿನ ಜೋಳ, ಮತ್ತೆ ಬಂಡೆ. ತೊಂಡೇಬಾವಿಯಲ್ಲಿ ಹತ್ತಿದ ಹೆಂಗಸರು ತೆಲುಗಿನಲ್ಲಿ ಶುರುಮಾಡಿದ ಮಾತನ್ನು ಕನ್ನಡದಲ್ಲಿ ಮುಗಿಸುತ್ತಿದ್ದರು. ಅವತ್ತು ನೀರು ತುಂಬುವ ಹಬ್ಬ. ಊರಿಗೆ ಹೋಗುವವರ ಬ್ಯಾಗುಗಳಲ್ಲೆಲ್ಲ ಹೊಸ ಬಟ್ಟೆ, ಸಿಹಿ ಡಬ್ಬಿ. ನಾನೂ ಹಬ್ಬಕ್ಕೇ ಹೊರಟಿದ್ದೆ, ಫಿನ್ಲೆಂಡಿನ ಗೆಳೆಯನ ಮನೆಗೆ. ಮನೆ ಇರುವುದು ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆಯಲ್ಲಿ.

ಕುಡುಮಲಕುಂಟೆಯ ಹೆಸರನ್ನು ಈಗ ಹೆಚ್ಚಿನವರು ಕೇಳಿರುವುದು ಕೈಗಾರಿಕಾ ಪ್ರದೇಶದಿಂದಾಗಿ. ಅಗಲವಾದ ರಸ್ತೆಗಳು, ಉದ್ದುದ್ದ ಶೆಡ್ಡುಗಳು, ಶಿಫ್ಟು ಬಿಟ್ಟಾಗ ತುಂಬಿಕೊಂಡು ಹೊರಡುವ ಬಸ್ಸುಗಳು. ಅಲ್ಲಿಯ ಒಂದು ಕಾರ್ಖಾನೆಯಲ್ಲಿ ಚಾವಣಿಯಡಿ ಹಳಿಯ ಮೇಲೆ ಓಡುವ ಇಒಟಿ ಕ್ರೇನು ಕೂರಿಸಿ, ನಡೆಸುವವರಿಗೆ ಕಲಿಸಿಕೊಡುವ ಕೆಲಸ ಗೆಳೆಯನದು. ಇಂಥ ಕೆಲಸಕ್ಕೆ ಬಂದ ಪರದೇಶದವರು ಬೆಂಗಳೂರಿನಲ್ಲಿ ಮನೆ ಮಾಡಿ ದಿನವೂ ಕಾರಿನಲ್ಲಿ ಓಡಾಡುವುದೇ ರೂಢಿ. ಇವನು ಊರೊಳಗೇ ಬಾಡಿಗೆಗೆ ನಿಂತ. ಮುಂದೆ ಜಗಲಿ, ಹಿಂದೆ ಹಿತ್ತಲು, ಹಿತ್ತಲಲ್ಲಿ ಬೇರೆಯಾಗಿ ಕಟ್ಟಿದ ಬಚ್ಚಲುಮನೆ ಇರುವ ಹಳೆಯ ಮನೆಯ ಅರ್ಧ ಭಾಗ. ಇನ್ನರ್ಧದಲ್ಲಿ ಮನೆಯೊಡತಿ, ಅವರ ಮಗ, ಸೊಸೆ, ಏಳನೇ ಕ್ಲಾಸಿನ ಮೊಮ್ಮಗ.

ನಾನು ಹೋದಾಗ ಗೆಳೆಯ ನೀರಿಗೆ ಹೊರಟು ನಿಂತಿದ್ದ. ಸ್ಕೂಟರಿನ ಮುಂದೆ ಇಪ್ಪತ್ತು ಲೀಟರಿನ ಕ್ಯಾನು, ಹಿಂದೆ ಹುಡುಗ, ಹುಡುಗನ ತೊಡೆಯ ಮೇಲೆ ಇನ್ನೊಂದು ಕ್ಯಾನು. ನಾನೂ ಜೊತೆಗೆ ನಡೆದೆ. ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ಸಾಲು ನಿಂತಿತ್ತು. ನಾಣ್ಯ ಹಾಕಿದರೆ ನೀರು. ಈ ಸೀಮೆಗೆ ವರ್ಷವಿಡೀ ಹರಿಯುವ ಹೊಳೆ ಇಲ್ಲ. ನಂದಿಬೆಟ್ಟದ ಸೀಮೆಯಿಂದ ಬರುವ ಉತ್ತರ ಪಿನಾಕಿನಿ ಮಳೆ ಬಂದರೆ ನದಿ, ಇಲ್ಲದಿದ್ದರೆ ಮರಳು. ಕೊಳವೆಬಾವಿಗಳು ಸಾವಿರ ಅಡಿ ದಾಟಿ ಇಳಿದಿವೆ. ಆಳದ ನೀರಿನಲ್ಲಿ ಫ್ಲೋರೈಡು. ಹಲ್ಲಿನ ಮೇಲೆ ಕಂದು ಕಲೆ, ವಯಸ್ಸಾದವರಲ್ಲಿ ಬಗ್ಗಿ ನಿಂತ ಬೆನ್ನು. ಅದರ ಗುರುತು ಇಲ್ಲಿ ಮನೆಮನೆಯಲ್ಲೂ ಸಿಗುತ್ತದೆ. ಗೆಳೆಯನ ದೇಶದಲ್ಲಿ ಕೆರೆ, ಸರೋವರಗಳನ್ನು ಎಣಿಸಿದರೆ 1,88,000 ಆಗುತ್ತವೆ. ನಲ್ಲಿ ತಿರುಗಿಸಿ ಹಾಗೇ ಕುಡಿಯುವ ನೀರು. ಅಂಥ ನಾಡಿನವನು ಸಾಲಿನಲ್ಲಿ ತನ್ನ ಸರದಿಗೆ ಕಾದು, ಮುಂದಿದ್ದ ಮುದುಕಿಯ ಕೊಡ ತುಂಬಿಸಿ, ಎತ್ತಿ ಸೊಂಟಕ್ಕೆ ಕೊಟ್ಟ. "ಚಲ್ಲಗುಂಡು ನಾಯನಾ" ಎಂದು ತೆಲುಗಿನಲ್ಲಿ ಹರಸಿದಳು ಆಕೆ. ಅವನು ತಲೆಬಾಗಿಸಿದ. ಸಾಲಿನಲ್ಲಿದ್ದ ಯಾರಿಗೂ ಅದು ವಿಶೇಷವಾಗಿ ಕಾಣಲಿಲ್ಲ. ಅಷ್ಟರಮಟ್ಟಿಗೆ ಅವನು ಊರಿನವನಾಗಿದ್ದ.

ಸಂಜೆಗೆ ಬಚ್ಚಲುಮನೆಯ ಕೆಲಸ ಶುರುವಾಯಿತು. ಸೊಸೆ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ತೊಳೆದು, ಸುಣ್ಣದ ಪಟ್ಟೆ ಎಳೆದು, ಅರಿಸಿನ ಕುಂಕುಮ ಇಟ್ಟರು. ಕೊರಳಿಗೆ ಮಾವಿನೆಲೆ, ಚೆಂಡುಹೂವಿನ ಸರ. ಗಂಟೆಯ ದನಿಯೊಂದಿಗೆ ಹೊಸ ನೀರು ತುಂಬಿತು. ಒಲೆಗೆ ಹಿಪ್ಪುನೇರಳೆ ಕಡ್ಡಿ. ಸೊಪ್ಪನ್ನು ಹುಳು ತಿಂದ ಮೇಲೆ ಉಳಿಯುವ ಕಡ್ಡಿ ರೇಷ್ಮೆ ಸೀಮೆಯಲ್ಲಿ ಯಾವತ್ತೂ ಸೌದೆಯೇ. ಬೇಗ ಹತ್ತಿಕೊಳ್ಳುತ್ತದೆ, ಬೇಗ ಉರಿದೂ ಹೋಗುತ್ತದೆ, ಪಕ್ಕದಲ್ಲೇ ಕೂತು ತಳ್ಳುತ್ತಿರಬೇಕು.

ಗೆಳೆಯನ ಸಾಹಸ ಶುರುವಾಗಿದ್ದು ಇದೇ ಒಲೆಯ ಮುಂದೆ. ಊರಿಗೆ ಬಂದ ಹೊಸತರಲ್ಲಿ ಅವನಿಗೆ ಊಟ ಒಗ್ಗಿತು, ಬಿಸಿಲು ಒಗ್ಗಿತು, ಸೌನಾ ಇಲ್ಲದ ಶನಿವಾರ ಮಾತ್ರ ಒಗ್ಗಲಿಲ್ಲ. ಸುಮಾರು 55 ಲಕ್ಷ ಜನರಿರುವ ಫಿನ್ಲೆಂಡಿನಲ್ಲಿ ಹತ್ತಿರಹತ್ತಿರ ಮೂವತ್ತು ಲಕ್ಷ ಸೌನಾಗಳಿವೆ ಎಂಬುದು ಅಲ್ಲಿನವರ ಲೆಕ್ಕ. ಮರದ ಕೋಣೆ, ಮೂಲೆಯಲ್ಲಿ ಒಲೆ, ಒಲೆಯ ಮೇಲೆ ಕಾದ ಕಲ್ಲುಗಳು. ಕಲ್ಲಿನ ಮೇಲೆ ಸೌಟಿನಿಂದ ನೀರು ಹೊಯ್ದರೆ ಏಳುವ ಹಬೆಯಲ್ಲಿ ಮನೆಮಂದಿಯೆಲ್ಲ ಕೂರುತ್ತಾರೆ. 2020ರಲ್ಲಿ ಯುನೆಸ್ಕೋ ಇದನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅವನು ಬಚ್ಚಲೊಲೆಯ ಪಕ್ಕದಲ್ಲಿ ಇಟ್ಟಿಗೆ ಜೋಡಿಸಿ, ಮೇಲೆ ಕಬ್ಬಿಣದ ಜಾಲರಿ ಇಟ್ಟು, ಅದರ ಮೇಲೆ ಕಲ್ಲು ಪೇರಿಸಲು ಹೊರಟ. ಕಲ್ಲಿಗೇನು ಬರ, ಜಿಲ್ಲೆಯೇ ಬಂಡೆ. ಆದರೆ ಮನೆಯೊಡತಿ ನೋಡಿದವರೇ ತಡೆದರಂತೆ. "ಬಿಳಿಕಲ್ಲು ಬ್ಯಾಡಪ್ಪ, ಕಾದರೆ ಸಿಡೀತದೆ. ಕರಿಕಲ್ಲು ತಗೊಂಬಾ."

ಅವರ ಮಾತು ನೂರಕ್ಕೆ ನೂರು ಸರಿ. ಗ್ರಾನೈಟಿನಲ್ಲಿ ಬೆಣಚು ಹೆಚ್ಚು, ಬಿಸಿ ತಣ್ಣೀರುಗಳ ಹೊಡೆತಕ್ಕೆ ಒಡೆಯುತ್ತದೆ. ಫಿನ್ಲೆಂಡಿನಲ್ಲೂ ಸೌನಾದ ಒಲೆಗೆ ಹುಡುಕುವುದು ಭಾರವಾದ ಕಪ್ಪು ಕಲ್ಲನ್ನೇ. ನಮ್ಮ ಬಂಡೆಗಳ ನಡುವೆ ಕಪ್ಪು ಗೆರೆ ಎಳೆದಂತೆ ಹಾದುಹೋಗುವ ಡೈಕುಗಳ ಕಲ್ಲು ಆ ಜಾತಿಯದೇ. ಕ್ರೇನು ಹಿಡಿದು ಟನ್ನುಗಟ್ಟಲೆ ಎತ್ತುವ ಎಂಜಿನಿಯರ್ ಹೊಲದ ಬದುವಿನಿಂದ ಒಂದೊಂದೇ ಕರಿಗುಂಡು ಆರಿಸಿ ತಂದ.

ಆ ರಾತ್ರಿ ನಾನೂ ಒಳಗೆ ಕೂತೆ. ಬಾಗಿಲು ಹಾಕಿ, ಗವಾಕ್ಷಿಗೆ ಗೋಣಿಚೀಲ ಸಿಕ್ಕಿಸಿದ. ಮೊದಲ ಚೊಂಬು ನೀರು ಬಿದ್ದೊಡನೆ ಕಲ್ಲು ಬುಸ್ಸೆಂದಿತು. ಕಿವಿಯ ತುದಿ ಚುರುಗುಟ್ಟಿತು, ಮೂಗಿನ ಒಳಗೆಲ್ಲ ಬಿಸಿ. ಅವರಲ್ಲಿ ಬರ್ಚ್ ಮರದ ಎಳೆಯ ಟೊಂಗೆಗಳ ಕಟ್ಟಿನಿಂದ ಮೈ ಬಡಿದುಕೊಳ್ಳುತ್ತಾರೆ. ಇಲ್ಲಿ ಮೊದಲು ಹೊಂಗೆ ಸೊಪ್ಪು ಕಟ್ಟಿದನಂತೆ, ಮನೆಯೊಡತಿ ಅದನ್ನು ತೆಗೆಸಿ ಬೇವು ಕೊಟ್ಟರು. ಹಬೆಗೆ ಬಾಡಿದ ಬೇವಿನ ಕಹಿ ಗಂಧ ಬಚ್ಚಲು ತುಂಬಿತ್ತು. ಬೆನ್ನಿಗೆ ನಾಲ್ಕು ಬಿದ್ದಮೇಲೆ ನನಗೆ ರೈಲಿನ ಆಯಾಸ ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಹೊರಗೆ ಜಗಲಿಯಲ್ಲಿ ಮಜ್ಜಿಗೆ ಕುಡಿಯುತ್ತ ಅವನು ಒಂದು ಮಾತು ಹೇಳಿದ. ಹಿಂದೆ ಅವರಲ್ಲಿ ಹೆರಿಗೆ ಆಗುತ್ತಿದ್ದದ್ದು ಸೌನಾದಲ್ಲಿ. ಸತ್ತವರ ಮೈ ತೊಳೆಯುತ್ತಿದ್ದದ್ದೂ ಅಲ್ಲೇ. ಕ್ರಿಸ್ಮಸ್ಸಿನ ಹಿಂದಿನ ಸಂಜೆ ಸೌನಾ ಆಗದೆ ಹಬ್ಬ ಕೂಡುವುದಿಲ್ಲ. ನಾನು ಅದನ್ನು ಕನ್ನಡಕ್ಕೆ ಮಾಡಿ ಹೇಳಿದಾಗ ಮನೆಯೊಡತಿ ಬತ್ತಿ ಹೊಸೆಯುವುದನ್ನು ನಿಲ್ಲಿಸಿ, ತಾವು ಇದೇ ಬಚ್ಚಲಲ್ಲಿ ಸೊಸೆಗೆ ಬಾಣಂತಿ ನೀರು ಹಾಕಿದ್ದನ್ನು, ತಮ್ಮ ಅತ್ತೆ ತಮಗೆ ಹಾಕಿದ್ದನ್ನು ಹೇಳತೊಡಗಿದರು. ಎಣ್ಣೆ ಎಷ್ಟು ಹೊತ್ತು ಹಚ್ಚಬೇಕು, ಕುದಿಯುವ ನೀರನ್ನು ಸೊಂಟಕ್ಕೆ ಹೇಗೆ ಬೀಸಿ ಹೊಯ್ಯಬೇಕು, ಆಮೇಲೆ ಸಾಂಬ್ರಾಣಿ ಹೊಗೆ, ಕಂಬಳಿ ಹೊದಿಸಿ ಬೆವರಿಳಿಸುವುದು. ಗೆಳೆಯ ಪುಸ್ತಕ ತಂದು ಬರೆದುಕೊಂಡ. ಹೊಸ ಮನೆಗಳಲ್ಲಿ ಗೀಸರ್ ಬಂದು ಹಂಡೆ ಗುಜರಿಗೆ ಹೋಗುತ್ತಿರುವ ಕಾಲದಲ್ಲಿ ಈ ವಿದ್ಯೆಯನ್ನು ಗೌರವದಿಂದ ಬರೆದುಕೊಳ್ಳುವ ಒಬ್ಬನಾದರೂ ಇದ್ದಾನಲ್ಲ ಎಂದು ನನಗೆ ನಿಜಕ್ಕೂ ಸಂತೋಷವಾಯಿತು.

ಹೀಗೆ ಬಂದು ಬರೆದುಕೊಂಡ ಫಿನ್ಲೆಂಡಿನವರಲ್ಲಿ ಇವನು ಮೊದಲಿಗನಲ್ಲ. ಟುರ್ಕು ವಿಶ್ವವಿದ್ಯಾಲಯದ ಜಾನಪದ ವಿದ್ವಾಂಸ ಲೌರಿ ಹೊಂಕೊ ಮತ್ತು ಅವರ ಪತ್ನಿ ಆನೆಲಿ ಹೊಂಕೊ ದಕ್ಷಿಣ ಕನ್ನಡದ ಮಾಚಾರಿಗೆ ಬಂದು, 1990ರ ಡಿಸೆಂಬರಿನಲ್ಲಿ ಗೋಪಾಲ ನಾಯ್ಕರು ಹಾಡಿದ ತುಳು ಸಿರಿ ಪಾಡ್ದನವನ್ನು ಧ್ವನಿಮುದ್ರಿಸಿಕೊಂಡರು. ದಿನಗಟ್ಟಲೆ ನಡೆದ ಹಾಡು. ಬರಹಕ್ಕಿಳಿದಾಗ 15,683 ಸಾಲು. ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಜೊತೆಗಿದ್ದರು. 1998ರಲ್ಲಿ ತುಳು ಮತ್ತು ಇಂಗ್ಲಿಷ್ ಪಾಠ ಎದುರುಬದುರಾಗಿ ಹೆಲ್ಸಿಂಕಿಯಿಂದ ಅಚ್ಚಾಯಿತು. ಇಲಿಯಡ್‌ನಷ್ಟೇ ದೊಡ್ಡ ಕಾವ್ಯವನ್ನು ಎದೆಯಲ್ಲಿಟ್ಟುಕೊಂಡ ಒಬ್ಬ ಬೇಸಾಯಗಾರ ನಮ್ಮ ಪಕ್ಕದ ಹೊಲದಲ್ಲಿದ್ದ ಎಂಬುದು ಲೋಕಕ್ಕೆ ಗೊತ್ತಾದದ್ದು ಹಾಗೆ. ಹೊಂಕೊ ದಂಪತಿಯ ಕಥೆ ಗೆಳೆಯನಿಗೆ ಗೊತ್ತಿರಲಿಲ್ಲ. ಅಂದು ರಾತ್ರಿ ಬಹಳ ಹೊತ್ತು ಅದನ್ನೇ ಕೇಳಿದ.

ಬೆಳಗಿನ ಜಾವ ಎಣ್ಣೆಸ್ನಾನ, ದೋಸೆ, ಕಾಯಿ ಹೋಳಿಗೆ ಮುಗಿಸಿ ವಿದುರಾಶ್ವತ್ಥಕ್ಕೆ ಹೋದೆವು. ಹಳೆಯ ಅಶ್ವತ್ಥ ಬಿದ್ದುಹೋಗಿದೆ, ನಾಗರಕಲ್ಲುಗಳ ಸಾಲು ಹಾಗೇ ಇದೆ. ಅಲ್ಲಿಂದ ಸತ್ಯಾಗ್ರಹ ಸ್ಮಾರಕ. 1938ರ ಏಪ್ರಿಲ್ 25ರಂದು, ಶಿವಪುರದ ಧ್ವಜ ಸತ್ಯಾಗ್ರಹದ ಬೆನ್ನಿಗೇ, ಇಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಕಾಂಗ್ರೆಸ್ ಬಾವುಟ ಹಾರಿಸಬೇಕೆಂದದ್ದೇ ತಪ್ಪಾಗಿತ್ತು. ಸತ್ತವರ ಹೆಸರಿನ ಪಟ್ಟಿಯ ಮುಂದೆ ಗೆಳೆಯ ಬಹಳ ಹೊತ್ತು ನಿಂತ. ಅವನ ದೇಶ ರಷ್ಯಾದ ಚಕ್ರವರ್ತಿಗಳ ಕೈಕೆಳಗಿದ್ದು 1917ರಲ್ಲಿ ಸ್ವತಂತ್ರವಾಯಿತು. ಈಗಿನ ನೀಲಿ ಶಿಲುಬೆಯ ಬಾವುಟ ಬಂದದ್ದು 1918ರ ಮೇ ತಿಂಗಳಲ್ಲಿ. ಮನೆಯಂಗಳದಲ್ಲೇ ಧ್ವಜಸ್ತಂಭ ನೆಟ್ಟು, ಹಬ್ಬದ ದಿನ ಬೆಳಿಗ್ಗೆ ಎಂಟಕ್ಕೆ ಏರಿಸುವ ಜನ ಅವರು. "ನಮ್ಮಜ್ಜನಿಗೆ ಇದು ಅರ್ಥ ಆಗ್ತಿತ್ತು" ಎಂದ.

ಮಧ್ಯಾಹ್ನ ಹುಡುಗನ ಹಟಕ್ಕೆ ಕೋಟಾಲದಿನ್ನೆಯ ಕಡೆ ತಿರುಗಿದೆವು. ಭಾರತೀಯ ಖಭೌತ ಸಂಸ್ಥೆಯ ರೇಡಿಯೊ ವೀಕ್ಷಣಾಲಯ 1976ರಿಂದ ಅಲ್ಲಿದೆ. ಹೊಲಗಳ ನಡುವೆ ಬಯಲು, ಬಯಲಿನಲ್ಲಿ ಸಾಲುಸಾಲು ಆಂಟೆನಾಗಳು. 1997ರಿಂದ ಕೆಲಸ ಮಾಡುತ್ತಿರುವ ರೇಡಿಯೊ ಹೀಲಿಯೊಗ್ರಾಫ್ ಸೂರ್ಯನ ಹೊರ ವಲಯವಾದ ಕರೋನಾದ ಚಿತ್ರ ತೆಗೆಯುತ್ತದೆ. ಬೇಲಿಯಾಚೆ ನಿಂತು ನೋಡುತ್ತಿದ್ದಾಗ ಗೆಳೆಯ ಮೊದಲ ಸಲ ತನ್ನ ಹುಟ್ಟೂರಿನ ಮಾತೆತ್ತಿದ. ಅವನು ಆರ್ಕ್ಟಿಕ್ ವೃತ್ತದ ಆಚೆಯ ಸೊಡಾನ್‌ಕ್ಯುಲಾದವನು. ಅಲ್ಲಿಯೂ 1913ರಿಂದ ಭೂಭೌತ ವೀಕ್ಷಣಾಲಯವಿದೆ. ಸೂರ್ಯನಿಂದ ಚಿಮ್ಮಿದ ಕಣಗಳು ಒಂದೆರಡು ದಿನಕ್ಕೆ ಭೂಮಿ ಮುಟ್ಟಿ, ಧ್ರುವದ ಹತ್ತಿರದ ಆಕಾಶದಲ್ಲಿ ಹಸಿರು ಬೆಳಕಾಗುತ್ತವೆ. ಚಳಿಗಾಲದಲ್ಲಿ ಶಾಲೆಯಿಂದ ಬರುವಾಗ ಅವನು ನೋಡುತ್ತಿದ್ದ ಬೆಳಕು ಅದು. ಆ ಸಿಡಿತದ ಸದ್ದನ್ನು ರೇಡಿಯೊ ಅಲೆಗಳಲ್ಲಿ ಎಂಟೇ ನಿಮಿಷಕ್ಕೆ ಹಿಡಿಯುವ ಆಂಟೆನಾ ತನ್ನ ಬಾಡಿಗೆ ಮನೆಯ ತಾಲ್ಲೂಕಿನಲ್ಲಿದೆ ಎಂದು ಅವನಿಗೆ ಹುಡುಗ ಹೇಳಬೇಕಾಯಿತು. ಶಾಲೆಯ ಮೇಷ್ಟ್ರು ಹೇಳಿದ್ದರಂತೆ.

"ನಮ್ಮೂರಲ್ಲಿ ಆ ಬೆಳಕು ಕಾಣಲ್ವಾ?" ಹುಡುಗನ ಪ್ರಶ್ನೆ. 2024ರ ಮೇ ತಿಂಗಳ ದೊಡ್ಡ ಸೌರ ಬಿರುಗಾಳಿಯಲ್ಲಿ ಲಡಾಖಿನ ಹಾನ್ಲೆಯವರೆಗೂ ಕೆಂಪಾಗಿ ಕಂಡಿತ್ತು, ಅಲ್ಲಿಯ ಕ್ಯಾಮೆರಾಗಳೂ ಇದೇ ಸಂಸ್ಥೆಯವು ಎಂದೆ. ಅವನಿಗೆ ಹಾನ್ಲೆ ಸಾಲದು, ಸೊಡಾನ್‌ಕ್ಯುಲಾಕ್ಕೇ ಹೋಗಬೇಕು. ಮನೆಗೆ ಬಂದವನೇ ಅಜ್ಜಿಯ ಮುಂದೆ ಕೂತು ವರದಿ ಒಪ್ಪಿಸಿದ.

ಅಜ್ಜಿ ಎಲ್ಲ ಕೇಳಿ ಗೆಳೆಯನ ಕಡೆ ತಿರುಗಿದರು. "ಅಷ್ಟು ಚಳಿ ಅಂತೀಯ, ನೀರು ಕಾಯಿಸೋಕೆ ಸೌದೆ ಸಿಗ್ತದೇನಪ್ಪಾ?"

"ಸಿಗ್ತದೆ ಅಮ್ಮಾ. ದೇಶದಲ್ಲಿ ಮುಕ್ಕಾಲು ಕಾಡು."

"ಸರಿ ಹಂಗಾದ್ರೆ. ಇವನ ಎಸ್ಸೆಸ್ಸೆಲ್ಸಿ ಮುಗೀಲಿ, ಕರ್ಕೊಂಡು ಹೋಗು. ಸೀಗೇಪುಡಿ ನಾನು ಕಟ್ಕೊಡ್ತೀನಿ."