ಸರ್ವಜ್ಞನ ಬೆನ್ನು ಹತ್ತಿದ ಪಾದ್ರಿ

ಈ ಬರಹಗಾರನಿಗೆ ಚಿಕ್ಕಂದಿನಲ್ಲಿ ಒಂದು ಗಟ್ಟಿ ನಂಬಿಕೆಯಿತ್ತು: ಸರ್ವಜ್ಞ ಎಂದರೆ ಅವ್ವನ ತವರಿನ ಕಡೆಯ ಯಾರೋ ಹಿರಿಯ. ಅಪ್ಪನ ಜೊತೆ ಮಾತಿಗೆ ಮಾತು ಬೆಳೆದಾಗಲೆಲ್ಲ ಅವ್ವ ಅವನನ್ನೇ ಸಾಕ್ಷಿಗೆ ಕರೆಯುತ್ತಿದ್ದಳು. ಯಾರಿಗೋ ಕೈಗಡ ಕೊಡಹೊರಟ ಗಂಡನನ್ನು ತಡೆಯಲಿಕ್ಕೂ ಸರ್ವಜ್ಞ, ಜ್ವಾಳದ ರೊಟ್ಟಿ ಬಿಟ್ಟು ಅನ್ನ ಬೇಡುವ ಮಗನನ್ನು ಬೈಯಲಿಕ್ಕೂ ಸರ್ವಜ್ಞ. ಮಾತು ಆ ಹೆಸರಿಗೆ ಬಂದು ಮುಟ್ಟಿತೆಂದರೆ ಅಪ್ಪ ಪೇಪರು ಬಿಚ್ಚಿ ಮುಖ ಮುಚ್ಚಿಕೊಳ್ಳುತ್ತಿದ್ದ. ತವರಿನವರೆಂದ ಮೇಲೆ ಎದುರಾಡುವವರು ಯಾರು?

ಈಗ ಬರಹಗಾರನ ಮನೆ ಪುಣೆಯಲ್ಲಿ, ಸ್ವಾರಗೇಟದ ಹಿಂದಿನ ಗಲ್ಲಿಯಲ್ಲಿ. ನೆಲದಡಿ ಮೆಟ್ರೋ ಬಂದದ್ದು 2024ರ ಸೆಪ್ಟೆಂಬರಿನಲ್ಲಿ. ನೆಲದ ಮೇಲಿನ ಗದ್ದಲ ಮಾತ್ರ ಒಂದಿಷ್ಟೂ ಇಳಿದಿಲ್ಲ. ಕೆಂಪು ಎಸ್‌.ಟಿ. ಬಸ್ಸುಗಳ ನಡುವೆ ಹುಬ್ಬಳ್ಳಿ, ಬೆಳಗಾವಿಯ ಕನ್ನಡ ಬೋರ್ಡು ಕಂಡರೆ ಸುತ್ತಲಿನ ಸಾಲಿನಲ್ಲಿ ‘ಬರ್ರಿ, ಹತ್ರಿ’ ಶುರುವಾಗುತ್ತದೆ. ಊರಿನಿಂದ ಅವನು ತಂದ ಟ್ರಂಕಿನ ತಳದಲ್ಲಿ ಅವ್ವನ ಸರ್ವಜ್ಞನೂ ಇದ್ದ: ಎಣ್ಣೆಯ ಬೆರಳಿನ ಗುರುತು ಬಿದ್ದ, ಹೊಲಿಗೆ ಬಿಟ್ಟ ಪುಸ್ತಕ. ಪುಟ ತಿರುವಿದರೆ ಸಂಪಾದಕರ ಹೆಸರು: ಉತ್ತಂಗಿ ಚನ್ನಪ್ಪ. ಅವ್ವನ ‘ತವರಿನ ಹಿರಿಯ’ನನ್ನು ಊರೂರು ಸುತ್ತಿ ಹುಡುಕಿ ತಂದವರು ಬಾಸೆಲ್ ಮಿಶನ್ನಿನ ಪಾದ್ರಿ ಎಂದು ತಿಳಿದಾಗ ಅವನಿಗೆ ಮೊದಲು ಬಂದದ್ದು ನಗು. ಅವ್ವ ಹೊರಗೆ ಹೋಗಿ ಬಂದರೆ ಕಾಲು ತೊಳೆಯದೆ ಒಳಗೆ ಕಾಲಿಡದ ಮಡಿವಂತೆ.

ಚನ್ನಪ್ಪನವರು ಹುಟ್ಟಿದ್ದು 1881ರಲ್ಲಿ, ಧಾರವಾಡದಲ್ಲಿ. ಹೆಸರಿಗೆ ಅಂಟಿದ ಉತ್ತಂಗಿ, ಹೂವಿನ ಹಡಗಲಿ ಸೀಮೆಯ ಊರು. ಮಿಶನ್ನಿನ ಶಾಲೆಯಲ್ಲಿ ಕಲಿತು, ಮಂಗಳೂರಿನ ಬಲ್ಮಠದಲ್ಲಿ ದೇವಜ್ಞಾನ ಓದಿ ಪಾದ್ರಿಯಾದರು. ಅದೇ ಮಂಗಳೂರಿನ ಮಿಶನ್ ಮುದ್ರಣಾಲಯದಿಂದ 1894ರಲ್ಲಿ ಕಿಟೆಲ್ಲರ ನಿಘಂಟು ಹೊರಬಂದಿತ್ತು. ಧರ್ಮಪ್ರಚಾರಕನ ಕೆಲಸವೆಂದರೆ ಸಂತೆ, ಜಾತ್ರೆ, ಹಳ್ಳಿಯ ಕಟ್ಟೆಗಳಲ್ಲಿ ನಿಂತು ಮಾತಾಡುವುದು. ಚನ್ನಪ್ಪನವರು ಮಾತಾಡಿದ್ದರ ಜೊತೆಗೆ ಕೇಳಿಸಿಕೊಂಡರು ಕೂಡ. ಕೇಳುವ ಮಂದಿಯ ಬಾಯಲ್ಲಿ ಸರ್ವಜ್ಞನಿದ್ದ. ಓಲೆಗರಿ, ಕೈಬರಹದ ಪ್ರತಿ, ಬಾಯಿಪಾಠ ಎಲ್ಲವನ್ನೂ ವರ್ಷಗಟ್ಟಲೆ ಒಟ್ಟುಮಾಡಿ, ಸುಮಾರು ಎರಡು ಸಾವಿರ ತ್ರಿಪದಿಗಳ ಸಂಗ್ರಹವನ್ನು 1924ರಲ್ಲಿ ಅಚ್ಚು ಹಾಕಿಸಿದರು. ಹಲಸಂಗಿ ಗೆಳೆಯರು ‘ಗರತಿಯ ಹಾಡು’ ತಂದದ್ದು ಅದಾದ ಏಳು ವರ್ಷಕ್ಕೆ.

ಈ ಕೆಲಸ ಎಂಥ ತೊಡಕಿನದು ಎಂಬುದು ತ್ರಿಪದಿಯ ಜಾಯಮಾನ ಬಲ್ಲವರಿಗೆ ಗೊತ್ತು. ಬಾದಾಮಿಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನದಲ್ಲೇ, ಅಂದರೆ ಸುಮಾರು 700ರ ಹೊತ್ತಿಗೇ, ತ್ರಿಪದಿ ಪಳಗಿದ ಛಂದಸ್ಸು. ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸರಿಗೆ ಅದು ಉಸಿರಿನಷ್ಟು ಸಲೀಸು. ಮೂರು ಸಾಲು ಹೊಂದಿಸಿ ಕೊನೆಗೆ ‘ಸರ್ವಜ್ಞ’ ಎಂದುಬಿಟ್ಟರೆ ಪದ ಅವನದಾಯಿತು. ಹೀಗಾಗಿ ಊರಿಗೊಬ್ಬ ಜಾಣ ತನ್ನ ಸಿಟ್ಟು, ತನ್ನ ತಮಾಷೆ, ಪಕ್ಕದ ಜಾತಿಯ ಮೇಲಿನ ತನ್ನ ತಕರಾರು ಎಲ್ಲವನ್ನೂ ಸರ್ವಜ್ಞನ ಖಾತೆಗೆ ಜಮಾ ಮಾಡಿಟ್ಟಿದ್ದ. ಪಾಠಕ್ಕೆ ಪಾಠ ಕೂಡಿಸಿ ನೋಡಿ, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಕೈಬಿಡಬೇಕು ಎಂಬ ಲೆಕ್ಕ ಪಾದ್ರಿಗಳ ಪಾಲಿಗೆ ಬಂತು.

ಇದನ್ನೆಲ್ಲ ಬರಹಗಾರ ಕೆಳಮನೆಯ ಕಾಕಾನಿಗೆ ಹೇಳಿದ. ಕಾಕಾ ನಿವೃತ್ತ ಎಸ್‌.ಟಿ. ಚಾಲಕ, ಸೊಲ್ಲಾಪುರದವ, ವಿಜಯಪುರದ ಗಾಡಿ ಹೊಡೆದು ಕನ್ನಡ ಕಲಿತವ. ‘ಅಯ್ಯ, ನಮ್ಮ ತುಕಾರಾಮಂದೂ ಅದೇ ಹಣೇಬರ ಐತೊ ತಮ್ಮಾ. ಕಡೀಗೆ ತುಕಾ ಮ್ಹಣೆ ಅಂದ್ರ ಮುಗೀತು, ಯಾಂವ ಬರದಾನ ಯಾರಿಗೆ ಗೊತ್ತು?’ ಎಂದ.

ಕಾಕಾನ ತುಕಾರಾಮನಂಥ ಸಂತರ ಬೆನ್ನು ಹತ್ತಿದ ಪಾದ್ರಿಗಳೂ ಇದ್ದರು. ಪುಣೆಯಲ್ಲಿದ್ದ ಸ್ಕಾಟಿಷ್ ಮಿಶನರಿ ನಿಕೋಲ್ ಮ್ಯಾಕ್‌ನಿಕೋಲ್ ಮರಾಠಿ ಸಂತರ ಪದಗಳನ್ನು ಆಯ್ದು 1919ರಲ್ಲಿ ಇಂಗ್ಲಿಷಿಗೆ ತಂದರು. ಜಸ್ಟಿನ್ ಅಬಟ್ ಎಂಬ ಅಮೆರಿಕದ ಪಾದ್ರಿ 1926ರಿಂದ ಮಹಾರಾಷ್ಟ್ರದ ಸಂತಕವಿಗಳ ಇಂಗ್ಲಿಷ್ ಮಾಲೆಯನ್ನೇ ಹೊರಡಿಸಿದರು. ಕನ್ನಡ ಸಾಹಿತ್ಯದ ಚರಿತ್ರೆ ಬರೆದ ಇ.ಪಿ. ರೈಸ್ ಕೂಡ ಪಾದ್ರಿಯೇ. ಈ ಮೂವರೂ ದೊಡ್ಡ ಕೆಲಸ ಮಾಡಿದರು, ಆದರೆ ಮಾಡಿದ್ದು ಇಂಗ್ಲಿಷ್ ಓದುವವರಿಗಾಗಿ. ಚನ್ನಪ್ಪನವರ ಪುಸ್ತಕ ಹಳ್ಳಿಯಿಂದ ಹೊರಟು ಹಳ್ಳಿಗೇ ತಿರುಗಿ ಬಂತು, ಅವ್ವನ ಕೈಗೆ ಸಿಕ್ಕಿತು, ಎಣ್ಣೆ ಹತ್ತಿಸಿಕೊಂಡಿತು.

ಅವರು ಸರ್ವಜ್ಞನಲ್ಲಿಗೇ ನಿಲ್ಲಲಿಲ್ಲ. ತಮ್ಮನ್ನು ‘ತಿರುಳ್ಗನ್ನಡದ ತಿರುಕ’ ಎಂದು ಕರೆದುಕೊಂಡು ವಚನಗಳ ಕಡೆ ನಡೆದರು. ಮೋಳಿಗೆ ಮಾರಯ್ಯ, ರಾಣಿ ಮಹಾದೇವಿಯರ ವಚನಗಳನ್ನು ಸಂಪಾದಿಸಿದರು. ಅನುಭವ ಮಂಟಪವೆಂಬುದು ಇತ್ತೋ ಇಲ್ಲವೋ ಎಂಬ ವಾದ ಎದ್ದಾಗ, ಇತ್ತೆಂದು ಸಾಧಿಸಲು 1951ರಲ್ಲಿ ಪುಸ್ತಕ ಬರೆದರು. ಬಸವಣ್ಣನ ಮಂಟಪದ ಪರ ವಕಾಲತ್ತು ವಹಿಸಿದವರು ಭಾನುವಾರ ಚರ್ಚಿನಲ್ಲಿ ಪ್ರಸಂಗ ಮಾಡುವವರು! ತಮ್ಮ ಧರ್ಮವನ್ನು ಅವರು ಬಿಡಲಿಲ್ಲ, ಮುಚ್ಚಿಡಲೂ ಇಲ್ಲ. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಬರೆದವರೂ ಅವರೇ.

ಅವರು ‘ಸಿದ್ಧರಾಮ ಸಾಹಿತ್ಯ ಸಂಗ್ರಹ’ವನ್ನೂ ತಂದರು ಎಂದಾಗ ಕಾಕಾನ ಕಿವಿ ನೆಟ್ಟಗಾಯಿತು. ಸಿದ್ಧರಾಮನೇ ಸೊಲ್ಲಾಪುರದವರ ಸಿದ್ಧೇಶ್ವರ. ಅವರಿಗೆ ಅವನೆಂದರೆ ಸಂಕ್ರಾಂತಿಯ ಗಡ್ಡಾ ಜಾತ್ರೆ, ಎತ್ತರದ ನಂದಿಕೋಲು, ಕೆರೆಯ ನಡುವಿನ ಗುಡಿ. ಆ ದೇವರು ಕನ್ನಡದಲ್ಲಿ ವಚನ ಬರೆದವನೆಂದೂ ಅವನ್ನು ಒಬ್ಬ ಪಾದ್ರಿ ಜೋಪಾನ ಮಾಡಿದನೆಂದೂ ಕಾಕಾನಿಗೆ ಯಾರೂ ಹೇಳಿರಲಿಲ್ಲ. ‘ನಿಮ್ಮ ಪಾದ್ರಿ ನಮ್ಮ ಮನಿತನಕಾ ಬಂದಾನಲ್ಲೊ’ ಎಂದು ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಂಡ.

ಕನ್ನಡ ನಾಡು ಚನ್ನಪ್ಪನವರನ್ನು ಗೌರವಿಸಿದ್ದು ಕಲಬುರಗಿಯಲ್ಲಿ. ಆ ಊರಿದ್ದ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರಿನಲ್ಲಿ. ಮರುವರ್ಷವೇ ಅಲ್ಲಿ ಸಾಹಿತ್ಯ ಸಮ್ಮೇಳನ. ಕಚೇರಿಯಲ್ಲಿ ಉರ್ದು, ಮನೆಯಲ್ಲಿ ಕನ್ನಡ ಎಂದು ತಲೆಮಾರುಗಟ್ಟಲೆ ಬಾಳಿದ ಊರು. ರಜಾಕಾರರ ಹಾವಳಿಯ ಗಾಯ ಇನ್ನೂ ಹಸಿ. ಮತ-ಮತಗಳ ನಡುವೆ ಅಷ್ಟೆಲ್ಲ ಆಗಿಹೋದ ಮೇಲೆ ಅಧ್ಯಕ್ಷರ ಕುರ್ಚಿಯಲ್ಲಿ ಕ್ರೈಸ್ತ ಪಾದ್ರಿಯೊಬ್ಬರನ್ನು ಕೂರಿಸಿದ್ದು ಸಣ್ಣ ಸಂಗತಿಯಲ್ಲ. ಅದರ ಮರುವರ್ಷ, 1950ರಲ್ಲಿ, ಸಮ್ಮೇಳನ ನಡೆದದ್ದು ಕಾಕಾನ ಸೊಲ್ಲಾಪುರದಲ್ಲಿ. ಚನ್ನಪ್ಪನವರು ತೀರಿಕೊಂಡದ್ದು 1962ರಲ್ಲಿ.

ಸರ್ವಜ್ಞನ ಭಾಗ್ಯ ಆಮೇಲೂ ಏರಿತು. 2009ರ ಆಗಸ್ಟಿನಲ್ಲಿ ಬೆಂಗಳೂರಿನ ಹಲಸೂರಿನಲ್ಲಿ ತಿರುವಳ್ಳುವರ್ ಪ್ರತಿಮೆ, ಬೆನ್ನಿಗೇ ಅದಕ್ಕೆ ಪ್ರತಿಯಾಗಿ ಚೆನ್ನೈನ ಅಯನಾವರದಲ್ಲಿ ಸರ್ವಜ್ಞನ ಪ್ರತಿಮೆ ಅನಾವರಣಗೊಂಡವು. ಫೆಬ್ರವರಿ 20 ಸರ್ಕಾರಿ ಜಯಂತಿಯಾಯಿತು. ಪರಂಪರೆಯ ಪ್ರವಾಸವೆಂದು ಜನ ಹಾವೇರಿ ಜಿಲ್ಲೆಯ ಮಾಸೂರು, ಅಬಲೂರಿಗೆ ಗಾಡಿ ಮಾಡಿಕೊಂಡು ಬರುತ್ತಾರೆ. ತಂದೆ ಮಾಸೂರಿನ ಬಸವರಸ, ತಾಯಿ ಅಬಲೂರಿನ ಕುಂಬಾರರ ಮಾಳಿ ಎಂಬುದು ತ್ರಿಪದಿಗಳೇ ಹೇಳುವ ಕತೆ.

ಕಾಕಾ ಹಟ ಹಿಡಿದ. ಸ್ವಾರಗೇಟದಲ್ಲಿ ರಾತ್ರಿ ಬಸ್ಸು ಹತ್ತಿ, ಹುಬ್ಬಳ್ಳಿಯಲ್ಲಿ ಮಿರ್ಚಿ-ಗಿರ್ಮಿಟ್ಟು ತಿಂದು, ಇಬ್ಬರೂ ಅಬಲೂರಿಗೆ ಹೋದರು. ಸೋಮೇಶ್ವರ ಗುಡಿಯಲ್ಲಿ ಏಕಾಂತದ ರಾಮಯ್ಯನ ಕತೆ ಹೇಳುವ, ಸುಮಾರು 1200ರ ಶಾಸನ ಇದೆ. ತಲೆ ಕತ್ತರಿಸಿಕೊಂಡು ಮತ್ತೆ ಪಡೆದ ಆ ಶರಣನ ಪ್ರಸಂಗವನ್ನು ಕಲ್ಲಿನಲ್ಲೂ ಕಂಡರಿಸಿದ್ದಾರೆ. ಕಾಕಾ ಶಾಸನದ ಮುಂದೆ ಕೈಮುಗಿದು, ಹೊರಗೆ ಕಟ್ಟೆಯ ಮೇಲೆ ಕೂತವರನ್ನು ಮಾತಿಗೆಳೆದ: ‘ಸರ್ವಜ್ಞಂದು ಒಂದು ಪದ ಬರತೈತೇನ್ರಿ?’

ಟ್ರ್ಯಾಕ್ಟರ್ ಹುಡುಗನೊಬ್ಬ ತಡಮಾಡಲಿಲ್ಲ. ಚಾರ್ಜು ಇಳಿದ ಮೊಬೈಲಿಗೂ ಪಗಾರ ನಿಂತ ಗಂಡನಿಗೂ ಮನೆಯಲ್ಲಿ ಸಿಗುವ ಮರ್ಯಾದೆ ಒಂದೇ ಎಂಬ ಅರ್ಥದ ಮೂರು ಸಾಲು ಹೇಳಿ, ರಾಗವಾಗಿ ‘ಸರ್ವಜ್ಞ’ ಎಂದ. ಕಟ್ಟೆಗೆ ಕಟ್ಟೆಯೇ ನಕ್ಕಿತು. ಬರಹಗಾರ ಚನ್ನಪ್ಪನವರ ಕ್ರಮ ಹಿಡಿದು ಊರು, ತಾರೀಕು, ಹೇಳಿದವರ ವಯಸ್ಸು ಬರೆದುಕೊಂಡ. ಕಾಕಾ ಅಷ್ಟೆಲ್ಲ ಕಾಯುವವನಲ್ಲ, ಬಸ್ಸಿನಲ್ಲೇ ಅದನ್ನು ಮರಾಠಿಗೆ ತಿರುಗಿಸಿ ನಿವೃತ್ತ ಚಾಲಕರ ವಾಟ್ಸಾಪ್ ಗುಂಪಿಗೆ ಹಾಕಿದ. ಗಾಡಿ ಕೊಲ್ಹಾಪುರ ದಾಟುವ ಹೊತ್ತಿಗೆ ಪದ ಎಲ್ಲೆಲ್ಲೋ ಸುತ್ತಿ ಕಾಕಾನ ಸೊಸೆಯ ಫೋನಿನಿಂದ ಅವನಿಗೇ ವಾಪಸು ಬಂತು. ಯಾರೋ ಪುಣ್ಯಾತ್ಮ ಕೊನೆಗೆ ‘ತುಕಾ ಮ್ಹಣೆ’ ಸೇರಿಸಿದ್ದ.